ಗೋಣಿ ಹೊದ್ದ ಮಂಜುಗಡ್ಡೆ

ಮೊದಲು ಹಂಪನಕಟ್ಟೆ

ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನಲ್ಲಿ ಹಮೀದ್ ಸಾಹೇಬರ ಬಾಯಿಂದ ಈ ಕಥೆ ಕೇಳಿದವರು ಇದನ್ನು ಓದಲೇಬೇಕೆಂದಿಲ್ಲ. ಅವರ ಕಥೆ ನನ್ನದಕ್ಕಿಂತ ಚೆನ್ನಾಗಿದೆ. ಅದರಲ್ಲಿ ಬಿಸಿಗಾಳಿ ಮೂರು ದಿನ ಬೀಸುತ್ತದೆ, ಇಗರ್ಜಿಯ ಗಂಟೆ ತನ್ನಷ್ಟಕ್ಕೆ ಬಾರಿಸುತ್ತದೆ, ಕೊನೆಯಲ್ಲಿ ಒಮ್ಮೆ ಹಾಲೆಂಡ್ ಗೆಲ್ಲುತ್ತದೆ, ಇನ್ನೊಮ್ಮೆ ಬೆಲ್ಜಿಯಂ. ನಿಜಕ್ಕೆ ನಾವಿಬ್ಬರೂ ಒಂದು ಪಂದ್ಯವನ್ನೂ ನೋಡಲಿಲ್ಲ. ಮೊದಲ ಪಂದ್ಯದ ದಿನವೇ ರೈಲು ಹತ್ತಿದವರು ನಾವು. ಹಾಗಾಗಿ ಇದು ನಡೆಯಲಿರುವ ಆಟದ ಮುನ್ನೋಟ ಮಾತ್ರ. ಆ ಆಟ ಎಂದೋ ಮುಗಿದುಹೋಗಿದೆ ಎಂಬುದು ಬೇರೆ ಮಾತು. ನನ್ನ ಮಟ್ಟಿಗೆ ಅದು ಇನ್ನೂ ಶುರುವಾಗಿಲ್ಲ.

ಸಾಹೇಬರು ಬಂದರಿನಲ್ಲಿ ಮೀನಿನ ವ್ಯಾಪಾರಿ. ಬೆಂಗ್ರೆಯ ದೋಣಿಗಳು ತಂದ ಬಂಗುಡೆಯನ್ನು ಐಸಿನಲ್ಲಿ ಹೂತು ಲಾರಿಯಲ್ಲಿ ಘಟ್ಟ ಹತ್ತಿಸುವವರು. ಸ್ವಂತಕ್ಕೊಂದು ಐಸ್ ಪ್ಲಾಂಟ್ ಹಾಕಬೇಕೆಂದು, ಅದರ ಯಂತ್ರ ನೋಡಿ ಬರಲು ಆಸ್ಟ್ರಿಯಕ್ಕೆ ಹೊರಟರು. ಇಂಗ್ಲಿಷ್ ಮಾತಾಡಲು ಒಬ್ಬರು ಬೇಕೆಂದು ಬೋಳಾರದ ಶಾಲಾಮಾಸ್ತರನಾದ ನನ್ನನ್ನು ಜೊತೆಗೆ ಎಳೆದುಕೊಂಡರು. ಆ ದೇಶದಲ್ಲಿ ಇಂಗ್ಲಿಷ್ ನಡೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಾದದ್ದು ಇಳಿದ ಮೇಲೆ. ಇದು ಅರವತ್ತರ ಆಚೀಚೆಯ ಮಾತು. ಯಾವ ವರ್ಷ ಎಂದು ಪಾಸ್‌ಪೋರ್ಟ್ ತೆಗೆದರೆ ತಿಳಿಯುತ್ತದೆ. ತೆಗೆದಿಲ್ಲ. ಮುದ್ರೆ ಬಿದ್ದ ತಾರೀಕು ಒಮ್ಮೆ ಒಳಗೆ ಬಂದರೆ ಉಳಿದ ನೆನಪುಗಳೆಲ್ಲ ಅದರ ಮುಂದೆ ಕೈಕಟ್ಟಿ ನಿಲ್ಲುತ್ತವೆ.

ರೈಲು, ಉಪ್ಪಿನಕಾಯಿ

ನಾವು ಹೋದಾಗ ಅಲ್ಲಿ ಏನೋ ಹಬ್ಬ. ಜನ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ಕುಣಿಯುತ್ತಿದ್ದರು. ಯಂತ್ರದ ಕಾರ್ಖಾನೆಗೆ ಬೀಗ. ಕಾರ್ಖಾನೆಯ ಗುಮಾಸ್ತ ನಮ್ಮನ್ನು ನೋಡಿ ಮರುಗಿ, ಹಬ್ಬ ಮುಗಿಯುವವರೆಗೆ ಬೆಟ್ಟದ ಮೇಲಿರುವ ತನ್ನ ತಂಗಿಯ ಲಾಡ್ಜಿನಲ್ಲಿರಿ, ಆಕೆಗೆ ಇಂಗ್ಲಿಷ್ ಬರುತ್ತದೆ ಎಂದು ಕೈಸನ್ನೆಯಲ್ಲಿ ತಿಳಿಸಿ ರೈಲು ಹತ್ತಿಸಿದ.

ರೈಲಿನಲ್ಲಿ ಸಾಹೇಬರ ಚೀಲದೊಳಗೆ ಉಪ್ಪಿನಕಾಯಿಯ ಭರಣಿ ಒಡೆಯಿತು. ಮನೆಯವರು ಬಟ್ಟೆ ಸುತ್ತಿ ಕಳಿಸಿದ ಮಿಡಿಮಾವು. ರೈಲಿನ ಡಬ್ಬಿಯ ತುಂಬ ವಾಸನೆ. ನಾವಿಬ್ಬರೂ ಕಿಟಕಿಯ ಹೊರಗೆ ನೋಡುತ್ತ, ಚೀಲ ಯಾರದೋ ಎಂಬಂತೆ ಕುಳಿತೆವು. ಎದುರಿನ ಮುದುಕಿ ಮೂಗು ಅರಳಿಸಿದಳು. ಚೀಲ ತೋರಿಸಿದಳು. ಸಾಹೇಬರು ತಪ್ಪಿತಸ್ಥರಂತೆ ತೆರೆದರು. ಆಕೆ ಭರಣಿಯ ಚೂರು ಬದಿಗೆ ಸರಿಸಿ, ಒಂದು ಮಿಡಿ ತೆಗೆದು ತನ್ನ ಬ್ರೆಡ್ಡಿನ ಮೇಲಿಟ್ಟು ಕಚ್ಚಿದಳು. ಕಣ್ಣಿಂದ ಧಾರೆಯಾಗಿ ನೀರು. ಒರೆಸಿಕೊಂಡು ಇನ್ನೊಂದು ತೆಗೆದಳು.

"ನಮ್ಮವರೇ ಮಾಷ್ಟ್ರೆ," ಎಂದರು ಸಾಹೇಬರು. "ಬಣ್ಣ ಮಾತ್ರ ಬೇರೆ."

ಮೊದಲ ದಿನ, ಅಥವಾ ಎರಡನೆಯದು

ಊರು ಎಂದರೆ ಒಂದು ಇಗರ್ಜಿ, ಒಂದು ಮರ ಕೊಯ್ಯುವ ಮಿಲ್ಲು, ಇಳಿಜಾರಿನಲ್ಲಿ ಚೆಲ್ಲಿದಂತೆ ಮನೆಗಳು. ದಾರಿಯಲ್ಲಿ ಎದುರಾದವರೆಲ್ಲ, ಪರಿಚಯವಿರಲಿ ಬಿಡಲಿ, ದೇವರ ಹೆಸರು ಹೇಳಿ ವಂದಿಸುತ್ತಾರೆ. ಸಾಹೇಬರಿಗೆ ಇದು ಬಹಳ ಹಿಡಿಸಿತು. ಅವರೂ ಪ್ರತಿಯೊಬ್ಬರಿಗೂ ಸಲಾಂ ಹೇಳತೊಡಗಿದರು. ಎರಡು ದಿನದಲ್ಲಿ ರೊಟ್ಟಿ ಸುಡುವವನು ಸಾಹೇಬರನ್ನು ಕಂಡಾಗ ಎದೆಗೆ ಕೈಯಿಟ್ಟು "ಸಲಾಂ" ಎನ್ನುವಷ್ಟಾಯಿತು.

ಲಾಡ್ಜಿನ ಯಜಮಾನಿ ಮಾರ್ತಾ ಹಿಂದೆ ಶಾಲೆಯಲ್ಲಿ ಕಲಿಸಿದವಳು. ನನ್ನ ಇಂಗ್ಲಿಷನ್ನು ಆಕೆ, ಆಕೆಯ ಇಂಗ್ಲಿಷನ್ನು ನಾನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತ ಮಾತಾಡುತ್ತಿದ್ದೆವು. ಹಲಾಲ್ ಅಲ್ಲದ ಮಾಂಸ ಸಾಹೇಬರು ಮುಟ್ಟುವುದಿಲ್ಲವೆಂದು ತಿಳಿದು ಮೂರು ಹೊತ್ತೂ ಮೊಟ್ಟೆ ಬೇಯಿಸಿ ಹಾಕಿದಳು. ಗಂಡ ಯೋಸೆಫ್ ಎತ್ತರದ, ಒಂದು ಮಂಡಿ ಮಡಚದ, ಮಾತು ಕಡಿಮೆಯ ಮನುಷ್ಯ. ಮೊದಲ ಸಂಜೆಯೇ ನಮ್ಮನ್ನು ಹಿತ್ತಲಿಗೆ ಕರೆದೊಯ್ದು ತನ್ನ ಅಂಗಳ ತೋರಿಸಿದ. ಬೇಸಗೆಯಲ್ಲಿ ಅದು ಬಟಾಟೆ ಗದ್ದೆ. ಚಳಿಗಾಲದಲ್ಲಿ ಸುತ್ತ ಹಲಗೆ ಕಟ್ಟಿ, ನೀರು ಚಿಮುಕಿಸಿ, ಹೆಪ್ಪುಗಟ್ಟಿದ ಮೇಲೆ ಮತ್ತೆ ಚಿಮುಕಿಸಿ, ಪದರದ ಮೇಲೆ ಪದರ ಐಸು ಬೆಳೆಸುತ್ತಾನೆ. ನಮ್ಮಲ್ಲಿ ಮದುವೆಗೆ ಮುಂಚೆ ಅಂಗಳಕ್ಕೆ ಸೆಗಣಿ ಸಾರಿಸಿದ ಹಾಗೆ.

ಅಂಗಳ ಹಾಕಿಗಾಗಿ. ಕೊಡಗಿನವರು ಬಂದು ನಮ್ಮ ಮೈದಾನದಲ್ಲಿ ಆಡುವ ಹಾಕಿಯನ್ನು ಕಾಲಿಗೆ ಕತ್ತಿ ಕಟ್ಟಿಕೊಂಡು ಆಡಿದರೆ ಹೇಗೋ ಹಾಗೆ. ಒಂದೊಂದು ಕಡೆಗೆ ಆರಾರು ಜನ. ಚೆಂಡಿಲ್ಲ, ಓಲೆಬೆಲ್ಲದ ಅಚ್ಚಿನಂಥ ಕರಿ ರಬ್ಬರ್ ಬಿಲ್ಲೆ. ಊರಿನ ಹುಡುಗರು ಅಭ್ಯಾಸ ಮಾಡುವುದನ್ನು ನೋಡಿ ಸಾಹೇಬರು ಕೇಳಿದರು, "ಎಂತ ಮಾಷ್ಟ್ರೆ, ಇದು ಆಟವಾ, ಹೊಡೆದಾಟವಾ?"

"ಎರಡೂ ಉಂಟಂತೆ ಸಾಹೇಬ್ರೇ. ಜಾಸ್ತಿ ಹೊಡೆದವನನ್ನು ಸ್ವಲ್ಪ ಹೊತ್ತು ಬದಿಯಲ್ಲಿ ಕೂರಿಸ್ತಾರಂತೆ."

"ನಿಮ್ಮ ಶಾಲೆಯ ಹಾಗೆಯೇ."

ಅಲ್ಲಿ ನಡೆಯಲಿದ್ದುದು ಜಗತ್ತಿನ ದೊಡ್ಡ ತಂಡಗಳ ಪಂದ್ಯವಲ್ಲ. ಕೆನಡ, ರಷ್ಯದಂಥವರು ಆಡುವ ಮೇಲಿನ ದರ್ಜೆ ಬೇರೆ. ಅದರ ಕೆಳಗೆ ಇನ್ನೊಂದು ದರ್ಜೆ. ಅದಕ್ಕೂ ಕೆಳಗಿನ ಮೂರನೆಯ ದರ್ಜೆಯಲ್ಲಿ ಉಳಿದ ಹಾಲೆಂಡ್, ಬೆಲ್ಜಿಯಂ, ಯುಗೊಸ್ಲಾವಿಯಗಳ ನಡುವೆ ಗೆದ್ದವರಿಗೆ ಒಂದು ಮೆಟ್ಟಿಲು ಬಡ್ತಿ. ಎಸ್ಸೆಸ್ಸೆಲ್ಸಿಯ ಸೆಪ್ಟೆಂಬರ್ ಪರೀಕ್ಷೆ ಇದ್ದ ಹಾಗೆ: ಊರಿಗೆ ಊರೇ ಕಾಯುವುದಿಲ್ಲ, ಬರೆಯುವವನಿಗೆ ಮಾತ್ರ ಜೀವ ಬಾಯಿಗೆ ಬಂದಿರುತ್ತದೆ. ಆಸ್ಟ್ರಿಯದ ಸ್ವಂತ ತಂಡ ಮೇಲಿನ ದರ್ಜೆಯಲ್ಲಿತ್ತು. ಆದ್ದರಿಂದ ಈ ಊರಿನವರಿಗೆ ಕೂಗಲು ತಮ್ಮದೆಂಬ ತಂಡವಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದರು. ಮನೆ ಮನೆಗೆ ಚೀಟಿ ಎತ್ತಿ, ಯಾವ ಮನೆಗೆ ಯಾವ ತಂಡ ಬರುತ್ತದೋ ಆ ಆಟಗಾರರಿಗೆ ಊಟ, ಹಾಸಿಗೆ ಕೊಡುವುದು, ಅವರಿಗಾಗಿಯೇ ಕೂಗುವುದು. ಮಾರ್ತಾಳಿಗೆ ಹಾಲೆಂಡ್ ಬಂದಿತ್ತು. ಅವಳ ಪಕ್ಕದ ಮನೆಗೆ ಬೆಲ್ಜಿಯಂ. ಬೇಲಿಯ ಆಚೀಚೆ ಆಗಲೇ ಮಾತು ಬಿಟ್ಟಿತ್ತು.

ಈ ಪಂದ್ಯಾವಳಿ ತನ್ನ ಊರಿಗೆ ಬೇಕೆಂದು ಯೋಸೆಫ್ ವರ್ಷಗಟ್ಟಲೆ ಅಲೆದವನು. ಹಿಂದೊಮ್ಮೆ ಸಣ್ಣದೊಂದು ಪಂದ್ಯ ಸಿಕ್ಕಿದಾಗ ಬೆಟ್ಟದ ಬಿಸಿಗಾಳಿ ಬೀಸಿ ಅಂಗಳ ಕೆರೆಯಾಗಿ, ಆಟಗಾರರೆಲ್ಲ ಯಂತ್ರದ ಐಸು ಇರುವ ನಗರಕ್ಕೆ ಹೊರಟುಹೋಗಿದ್ದರು. ನಗರದವರು ಈಗಲೂ ಯೋಸೆಫನನ್ನು ಕಂಡರೆ ಈಜಲು ಬರುತ್ತದೆಯೇ ಎಂದು ಕೇಳುತ್ತಾರಂತೆ. "ಈ ಸಲವೂ ಹಾಗಾದರೆ ಇನ್ನು ಯಾರೂ ನಮಗೆ ಪಂದ್ಯ ಕೊಡುವುದಿಲ್ಲ," ಎಂದಳು ಮಾರ್ತಾ. "ಇವನೂ ಇನ್ನು ನೀರು ಚಿಮುಕಿಸುವುದಿಲ್ಲ." ಗಂಡನ ಕಡೆ ನೋಡದೆ ಹೇಳಿದಳು.

ಗಾಳಿಯ ದಿನ

ಆ ಗಾಳಿಗೆ ಅಲ್ಲಿ ಫ್ಯೋನ್ ಎನ್ನುತ್ತಾರೆ. ಬೆಟ್ಟದ ನೆತ್ತಿಯಿಂದ ಇಳಿಯುವ ಒಣ ಬಿಸಿಗಾಳಿ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂತು. ಸಾಹೇಬರು ಕೋಟಿನ ಗುಂಡಿ ಬಿಚ್ಚಿ ಮುಖ ಮೇಲೆತ್ತಿ, "ಹಾ! ಈಗ ಊರಿನ ಹಾಗೆ ಉಂಟು ನೋಡಿ," ಎಂದರು. ನಾನೂ ಮಫ್ಲರ್ ತೆಗೆದೆ. ಇಬ್ಬರೂ ನಗುನಗುತ್ತ ತಿರುಗಿ ಮಾರ್ತಾಳ ಮುಖ ನೋಡಿದೆವು. ಮತ್ತೆ ನಗಲಿಲ್ಲ.

ಪಂದ್ಯಾವಳಿಯ ಅಧಿಕಾರಿ ನಗರದಿಂದ ಫೋನ್ ಮಾಡಿದ್ದ. ಗಾಳಿಯ ಸುದ್ದಿ ಕೇಳಿದೆ, ಪಂದ್ಯಗಳನ್ನು ನಗರಕ್ಕೇ ಬದಲಿಸುತ್ತೇನೆ ಎಂದಿದ್ದ. ಕುರ್ಚಿಯಲ್ಲಿ ಕೂತು ತೀರ್ಮಾನಿಸಬೇಡಿ, ಬಂದು ಕಣ್ಣಾರೆ ನೋಡಿ ಎಂದು ಕೈಹಿಡಿದು ಕರೆತರಲು ಯೋಸೆಫ್ ಮೊದಲ ರೈಲಿಗೇ ಓಡಿದ. ಅವರು ಬರುವುದು ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಐಸು ಉಳಿಯಬೇಕು.

ಹಲಗೆಯ ಸುತ್ತ ಊರಿನವರು ನಿಂತಿದ್ದರು. ಅಂಗಳದ ಮೇಲೆ ತೆಳ್ಳಗೆ ನೀರಿನ ಹೊಳಪು. ಹಿಂದಿನ ದಿನವೇ ಬಂದಿಳಿದಿದ್ದ ಹಾಲೆಂಡಿನ ಗೋಲ್‌ಕೀಪರ್, ಬಾಗಿಲಿನಷ್ಟು ಅಗಲದ ಯುವಕ, ಕೈಯಲ್ಲಿ ಬ್ರೆಡ್ ಹಿಡಿದು ತಿನ್ನುವುದನ್ನೂ ಮರೆತಿದ್ದ.

"ಇವರೆಲ್ಲ ಎಂತ ಸುಮ್ನೆ ನಿಂತು ನೋಡ್ತಾರೆ ಮಾಷ್ಟ್ರೆ?" ಎಂದರು ಸಾಹೇಬರು. "ಐಸನ್ನು ಹೀಗೆ ಬತ್ತಲೆ ಬಿಡ್ತಾರಾ ಯಾರಾದ್ರೂ?"

"ಇದು ಮೀನಿಗೆ ಹಾಕುವ ಐಸಲ್ಲ ಸಾಹೇಬ್ರೇ."

"ಐಸು ಐಸೇ ಮಾರಾಯ್ರೆ. ಅದಕ್ಕೆ ಬಂಗುಡೆ ಗೊತ್ತುಂಟಾ, ಹಾಕಿ ಗೊತ್ತುಂಟಾ? ಗೋಣಿ ಉಂಟಾ ಕೇಳಿ. ಮರದ ಹುಡಿಯೂ ಬೇಕು. ಮಿಲ್ಲು ಉಂಟಲ್ಲ."

ಕೇಳಿದೆ. ಹುಡಿ ಅಂಟಿದರೆ ಕತ್ತಿ ಜಾರುವುದಿಲ್ಲ, ಬೇಡವೇ ಬೇಡ ಎಂದಳು ಮಾರ್ತಾ. ಗೋಣಿ ಉಂಟು, ಬಟಾಟೆಯ ಗೋಣಿ ಪ್ರತಿ ಕೊಟ್ಟಿಗೆಯಲ್ಲೂ ರಾಶಿ ಬಿದ್ದಿದೆ. ಮಕ್ಕಳು ಮುದುಕರೆನ್ನದೆ ಎಲ್ಲರೂ ಹೊತ್ತು ತಂದರು. ಗೋಲ್‌ಕೀಪರ್ ಒಂದೊಂದು ಸಲಕ್ಕೆ ಒಂದೊಂದು ಗುಡ್ಡೆ ತಂದ. ಹಾಸಿದ ಗೋಣಿಯನ್ನು ಗಾಳಿ ಎತ್ತಿ ಹಾರಿಸುತ್ತಿತ್ತು. ಸಾಹೇಬರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಅಂಗಳದ ನಡುವೆ ನಿಂತು, ಬಂದರಿನಲ್ಲಿ ಲಾರಿ ತುಂಬಿಸುವಾಗ ಕೂಗುವ ಗಂಟಲಿನಲ್ಲಿ ಕೂಗಿದರು:

"ನೀರು ಹಾಕಿ! ಒದ್ದೆ ಮಾಡಿ! ಒಣ ಗೋಣಿ ಹಾಕಿ ಎಂತ ಮಾಡುದು?"

ನಮ್ಮಲ್ಲಿ ಅದು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಐಸು ಬಂತು ಎಂದರೆ ಗೋಣಿ, ಗೋಣಿ ಎಂದರೆ ನೀರು. ಒದ್ದೆ ಗೋಣಿಗೆ ಗಾಳಿ ತಾಗಿದರೆ ತಂಪು. ನಾನು ಅನುವಾದಿಸಿದೆ. ಮಾರ್ತಾ ಒಂದು ಕ್ಷಣ ಕೈಯಲ್ಲಿದ್ದ ಕೊಳವೆ ನೋಡಿದಳು.

"ರಾತ್ರಿ ಹೆಪ್ಪುಗಟ್ಟಿದರೆ?"

ಅದನ್ನೂ ಅನುವಾದಿಸಿದೆ. ಸಾಹೇಬರಿಗೆ ನಗು ಬಂತು. "ಗಟ್ಟಿಯಾದ್ರೆ ಒಳ್ಳೇದೇ ಅಲ್ವಾ? ನಮಗೆ ಬೇಕಾದ್ದೇ ಐಸು!"

ಇದನ್ನೂ ನಗುತ್ತಲೇ ಅನುವಾದಿಸಿದೆ. ಅಂಥ ಬಿಸಿಗಾಳಿಯಲ್ಲಿ ನಿಂತು ಹಿಮದ ಭಯ ಯಾರಿಗೆ ಬಂದೀತು? ಅವಳೂ ನಕ್ಕು ಕೊಳವೆ ತಿರುಗಿಸಿದಳು. ಸಂಜೆಗೆ ಇಡೀ ಅಂಗಳ ಒದ್ದೆ ಗೋಣಿ ಹೊದ್ದು ಮಲಗಿತ್ತು. ಅಂಚೆತ್ತಿ ನೋಡಿದರೆ ಐಸು ಗಟ್ಟಿಯಾಗಿಯೇ ಇತ್ತು. ಜನ ಸಾಹೇಬರ ಬೆನ್ನು ತಟ್ಟಿದರು. ಬೆಲ್ಜಿಯಂ ಪಕ್ಷದ ಪಕ್ಕದ ಮನೆಯಾಕೆ ಮಾರ್ತಾಳಿಗೆ ಒಂದು ಕೇಕು ಕಳಿಸಿದಳು.

ಬೆಳಿಗ್ಗೆ

ಗಾಳಿ ಯಾವಾಗ ನಿಂತಿತೋ. ಮೂಗು ಮರಗಟ್ಟಿ ಎಚ್ಚರವಾದಾಗ ಕಿಟಕಿಯ ಗಾಜಿನ ಮೇಲೆ ಹಿಮದ ಬಿಳಿ ಬಳ್ಳಿ ಹಬ್ಬಿತ್ತು. ಸಾಹೇಬರು ನಮಾಜು ಮುಗಿಸಿ ಆಗಲೇ ಹೊರಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಓಡಿಬಂದರು.

"ಮಾಷ್ಟ್ರೆ, ಗೋಣಿ ಬರುದಿಲ್ಲ."

"ಎಲ್ಲಿಗೆ?"

"ಎಲ್ಲಿಗೂ ಬರುದಿಲ್ಲ ಮಾರಾಯ್ರೆ! ಐಸು ಹಿಡ್ಕೊಂಡುಂಟು!"

ಹೋಗಿ ನೋಡಿದೆ. ಒದ್ದೆ ಗೋಣಿಗಳೆಲ್ಲ ಸೆಟೆದು, ಅಂಗಳದ ಚರ್ಮವೇ ಆಗಿಬಿಟ್ಟಿದ್ದವು. ಎಳೆದರೆ ಹರಿಯುತ್ತಿದ್ದವೇ ಹೊರತು ಏಳುತ್ತಿರಲಿಲ್ಲ. ಹೋಟೆಲಿನ ಕಥೆಯಲ್ಲಿ ಸಾಹೇಬರು ಇಲ್ಲಿ ತಡೆದು ಒಂದು ಚಹಾ ಹೇಳುತ್ತಾರೆ. ಆ ಬೆಳಿಗ್ಗೆ ಅವರ ತುಟಿ ನಡುಗುತ್ತಿತ್ತು. ಚಳಿಗೆಂದು ನಾನು ಬರೆದರೆ ಅವರು ಬೇಡ ಎನ್ನಲಿಕ್ಕಿಲ್ಲ.

ಐಸು ಬೆಚ್ಚಗಾಗದಂತೆ ಹೊದೆಸುವುದು ನಮಗೆ ಗೊತ್ತು. ತನ್ನಷ್ಟಕ್ಕೆ ಐಸಾಗುವ ನೀರನ್ನು ನಾವು ಹುಟ್ಟಿದ ಮೇಲೆ ಕಂಡೇ ಇರಲಿಲ್ಲ.

ಯೋಸೆಫ್ ಸ್ಟೇಷನ್ನಿನಿಂದ ಅಧಿಕಾರಿಯೊಡನೆ ಬಂದ. ಅಧಿಕಾರಿ ಉದ್ದ ಕೋಟಿನ, ಗಿಡ್ಡನೆಯ, ಚೊಕ್ಕ ಮುಖದ ಮನುಷ್ಯ. ಇಬ್ಬರೂ ಹಲಗೆಯ ಬಳಿ ನಿಂತರು. ಯೋಸೆಫ್ ಅಂಗಳ ನೋಡಿದ, ಹೆಂಡತಿಯನ್ನು ನೋಡಿದ. ಅವಳು ಏನೋ ಹೇಳಿದಳು. ಆತ ಸಾಹೇಬರನ್ನು ನೋಡಿದ. ಬೈದಿದ್ದರೆ ವಾಸಿಯಿತ್ತು. ಸೆಟೆದ ಮಂಡಿಯನ್ನು ಬದಿಗೆ ಚಾಚಿ ಕೂತು, ಗೋಣಿಯ ಮೇಲೆ ಅಂಗೈ ಇಟ್ಟು ಹಾಗೆಯೇ ಇದ್ದ.

ಅಧಿಕಾರಿ ಬೈರಿಗೆಯಿಂದ ಗೋಣಿಯ ಮೇಲೆಯೇ ತೂತು ಕೊರೆದು, ಕಡ್ಡಿ ಇಳಿಸಿ ಆಳ ನೋಡಿದ. ಇನ್ನೊಂದು ಕಡೆ ನೋಡಿದ. ಮತ್ತೊಂದು ಕಡೆ. ಎದ್ದು ಏನೋ ಅಂದ. ಊರಿನವರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಐಸು ಬೇಕಾದಷ್ಟಿದೆಯಂತೆ," ಮಾರ್ತಾ ಉಸಿರು ಬಿಟ್ಟು ಹೇಳಿದಳು. "ಆದರೆ ಅದಕ್ಕೆ ಗಡ್ಡ ಬೆಳೆದಿದೆಯಂತೆ. ಸಂಜೆಯೊಳಗೆ ಕ್ಷೌರ ಮಾಡಿಸಿದರೆ ಸರಿ, ಇಲ್ಲದಿದ್ದರೆ ಪಂದ್ಯ ನಗರಕ್ಕೆ."

ನನ್ನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಸಾಹೇಬರ ಕೈಯೂ ಅವರ ಗಡ್ಡಕ್ಕೆ.

ಅದೇ ದಿನ, ಕ್ಷೌರ

ಊರಿನಲ್ಲಿದ್ದ ಅಲಗೆಲ್ಲ ಅಂಗಳಕ್ಕೆ ಬಂತು. ಸಲಿಕೆ, ಗುದ್ದಲಿ, ರೊಟ್ಟಿ ಒಲೆಯ ಸಟ್ಟುಗ, ಮಿಲ್ಲಿನ ಉಳಿ. ಅಡುಗೆಮನೆಗಳಿಂದ ಹಾಲಿನ ಕ್ಯಾನುಗಳಲ್ಲಿ ಬಿಸಿನೀರು. ಒಬ್ಬರು ಎರೆಯುವುದು, ಇನ್ನೊಬ್ಬರು ಕೆರೆಯುವುದು. ನಾನು ಮೂರು ಹೆಜ್ಜೆ ಇಟ್ಟು ಬಿದ್ದೆ. ಎದ್ದು ಮತ್ತೆ ಬಿದ್ದೆ. ಮೂರನೆಯ ಸಲ ಗೋಲ್‌ಕೀಪರ್ ನನ್ನನ್ನು ಎತ್ತಿ ಒಂದು ಗೋಣಿಯ ಮೇಲೆ ಕೂರಿಸಿ, ಎಲ್ಲಿ ಕೆರೆಯಬೇಕೋ ಅಲ್ಲಿಗೆ ಎಳೆದುಕೊಂಡು ಹೋದ. ಬೋಳಾರದ ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವಾಗ ನಾನು ಎಷ್ಟು ಸಲ ಗದರಿಸಿಲ್ಲ!

ಸಾಹೇಬರು ಯಾರೊಡನೆಯೂ ಮಾತಾಡದೆ ಮಂಡಿಯೂರಿ ಕೆರೆಯುತ್ತಿದ್ದರು. ಯೋಸೆಫ್ ಅವರ ಪಕ್ಕದಲ್ಲೇ ಕೆರೆಯುತ್ತಿದ್ದ. ಅವನಿಗೂ ಮಾತಿಲ್ಲ. ಇಬ್ಬರ ನಡುವೆ ಭಾಷೆ ಮೊದಲೇ ಇರಲಿಲ್ಲವಾದ್ದರಿಂದ ಈ ಮೌನ ಯಾವ ಬಗೆಯದೆಂದು ಹೇಳುವುದು ಕಷ್ಟ.

ಗೋಣಿಗಳ ಮೇಲೆ ಅಲ್ಲಲ್ಲಿ ಕರಿಬಣ್ಣದ ಅಚ್ಚಿತ್ತು. ಹಂಪನಕಟ್ಟೆಯ ಕಥೆಯ ತಿರುವು ಇಲ್ಲಿದೆ: ಒಂದು ಗೋಣಿ ಕಿತ್ತಾಗ ಅದರ ಮೇಲೆ ಇಂಗ್ಲಿಷಿನಲ್ಲಿ ಮಂಗಳೂರು ಎಂದು ಬರೆದಿತ್ತಂತೆ, ನಮ್ಮ ಬಂದರಿನಿಂದ ಕಾಫಿ ತುಂಬಿಕೊಂಡು ಹೋದ ಗೋಣಿಯಂತೆ, ಸಾಹೇಬರು ಅದನ್ನು ಎದೆಗೊತ್ತಿಕೊಂಡರಂತೆ. ಕೇಳಿದವರೆಲ್ಲ ನನ್ನ ಕಡೆ ತಿರುಗಿ ಹೌದಾ ಮಾಷ್ಟ್ರೆ ಎನ್ನುತ್ತಾರೆ. ನಾನು ಕಂಡದ್ದು ಒಂದು ಎಮ್ ಅಕ್ಷರ, ಅದರ ಮುಂದೆ ಹರಿದ ನಾರು. ಪ್ರಪಂಚದಲ್ಲಿ ಎಮ್‌ನಿಂದ ಶುರುವಾಗುವ ಊರುಗಳು ಬೇಕಾದಷ್ಟಿವೆ, ಬಟಾಟೆ ಬೆಳೆಯುವವೂ ಇವೆ. ಆದರೂ ಇಷ್ಟು ವರ್ಷ ಅವರ ಕಥೆ ಕೇಳಿ ಕೇಳಿ, ಈಗ ಕಣ್ಣು ಮುಚ್ಚಿದರೆ ಎಮ್‌ನ ಮುಂದೆ ಒಂದು ಎ ಕೂಡ ಕಾಣುತ್ತದೆ. ಅದನ್ನು ನಂಬಬೇಡಿ.

ಮಧ್ಯಾಹ್ನದ ಹೊತ್ತಿಗೆ ಅಂಗಳದ ಬಹುಪಾಲು ಬೋಳಾಯಿತು. ಒಂದು ಗೋಲಿನ ಹಿಂದೆ ಮಾತ್ರ, ಹಲಗೆಯ ಮೂಲೆಯಲ್ಲಿ, ಒಂದು ಗೋಣಿ ಆಳಕ್ಕೆ ಇಳಿದಿತ್ತು. ಅದನ್ನು ಕೀಳಲು ಹೋದರೆ ಐಸೇ ಒಡೆಯುವಂತಿತ್ತು. ಸಾಹೇಬರು ಉಳಿ ಎತ್ತಿದರು. ಯೋಸೆಫ್ ಅವರ ಮಣಿಕಟ್ಟು ಹಿಡಿದು, ಬೇಡ ಎಂದು ತಲೆಯಾಡಿಸಿದ. ಆಮೇಲೆ ಜಾರುಬಂಡಿಯ ಮೇಲೆ ಬಿಸಿನೀರಿನ ಪೀಪಾಯಿ ಏರಿಸಿದ. ಅದರ ಹಿಂದೆ ಒಂದು ಬಟ್ಟೆ ಜೋತಾಡಬೇಕು. ತೂತಿನಿಂದ ಸುರಿಯುವ ನೀರನ್ನು ಅದು ಸಮನಾಗಿ ಸಾರಿಸುತ್ತ ಹೋಗುತ್ತದೆ. ಯಾವಾಗಲೂ ಕಟ್ಟುತ್ತಿದ್ದ ಹಳೆಯ ಕಂಬಳಿ ಅಲ್ಲೇ ಬಿದ್ದಿತ್ತು. ಯೋಸೆಫ್ ಅದನ್ನು ಬಿಟ್ಟು ಒಂದು ಗೋಣಿ ಎತ್ತಿ, ಕೊಡವಿ, ಕಟ್ಟಿದ. ಬಂಡಿಯ ಹಗ್ಗದ ಒಂದು ತುದಿಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಇನ್ನೊಂದು ತುದಿಯನ್ನು ಸಾಹೇಬರ ಕಡೆ ಚಾಚಿದ.

"ನಾನು ಬಿದ್ರೆ ಇವರೂ ಬೀಳ್ತಾರೆ ಅಂತ ಹೇಳಿ ಮಾಷ್ಟ್ರೆ," ಎಂದರು ಸಾಹೇಬರು. ಅಷ್ಟರಲ್ಲಿ ಹಗ್ಗ ಅವರ ಹೆಗಲ ಮೇಲಿತ್ತು.

ಬೀಳಲಿಲ್ಲ. ಕುಂಟುವವನೊಬ್ಬ, ಜಾರುವವರೊಬ್ಬರು, ಅಂಗಳದ ಉದ್ದಕ್ಕೂ ಎಳೆದರು. ಅವರ ಹಿಂದೆ ಆವಿ ಏಳುತ್ತಿತ್ತು. ಆವಿ ಹೋದಲ್ಲೆಲ್ಲ ಕನ್ನಡಿ.

ಸಂಜೆ ಅಧಿಕಾರಿ ಬಂದ. ಕೋಟು ತೆಗೆಯದೆ, ಕಾಲಿಗೆ ಕತ್ತಿ ಕಟ್ಟಿ ತಾನೇ ಅಂಗಳಕ್ಕಿಳಿದು ಸುತ್ತು ಹೊಡೆದ. ಗೋಲಿನ ಹಿಂದಿನ ಮೂಲೆಯಲ್ಲಿ ನಿಂತು ಬಗ್ಗಿದ. ಅಲ್ಲಿ ಹೊಸ ಐಸಿನ ಅಡಿಯಲ್ಲಿ ಕಂದು ಬಣ್ಣದ ಗೋಣಿ, ನೀರೊಳಗಿನ ಬಲೆಯಂತೆ, ನೂಲು ನೂಲಾಗಿ ಕಾಣುತ್ತಿತ್ತು. ಅಧಿಕಾರಿ ಹಲಗೆಯ ಕಡೆ ತಿರುಗಿ ಏನೋ ಕೇಳಿದ. ಇದೇನು ಎಂದಿರಬೇಕು. ಯೋಸೆಫ್ ಒಂದೇ ಪದದಲ್ಲಿ ಉತ್ತರ ಕೊಟ್ಟ. ಅದಕ್ಕೆ ಅನುವಾದ ಬೇಕಾಗಲಿಲ್ಲ.

"ಮಂಗಳೂರು."

ಅಧಿಕಾರಿ ಕೈಗವಸಿನಿಂದ ಅದನ್ನು ಒಮ್ಮೆ ಒರೆಸಿ, ಎದ್ದು ಬಂದು ಯೋಸೆಫನ ಕೈ ಕುಲುಕಿದ.

ಹೊರಡುವ ದಿನ, ಮುನ್ನೋಟ

ಕೊನೆಗೂ ನಾನು ಬರೆಯಬೇಕಾದ್ದು ಇದು: ಯಾರು ಗೆದ್ದಾರು? ಬೆಲ್ಜಿಯಂನವರು ಬಂದರು. ಹೆಚ್ಚಿನವರು ಬೋಳುತಲೆಯವರು. ಮೆಲ್ಲಗೆ ಜಾರುತ್ತಾರೆ, ಆದರೆ ಬಿಲ್ಲೆ ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಾರೆ. ಯುಗೊಸ್ಲಾವಿಯದವರು ಹುಡುಗರು, ಬೆಂಗ್ರೆಯ ಹುಡುಗರು ಅಳಿವೆಯಲ್ಲಿ ದೋಣಿ ಬಿಡುವಂತೆ ಎದುರಿಗಿರುವುದನ್ನು ಲೆಕ್ಕಿಸದೆ ನುಗ್ಗುತ್ತಾರೆ. ಹಾಲೆಂಡಿಗೆ ನಮ್ಮ ಗೋಲ್‌ಕೀಪರ್ ಇದ್ದಾನೆ. ಅವನು ಗೋಲಿನ ಮುಂದೆ ನಿಂತರೆ ಬಲೆ ಕಾಣುವುದಿಲ್ಲ. ನನ್ನ ಮತ ಅವನಿಗೆ. ಇದರಲ್ಲಿ ಗೋಣಿಯ ಮೇಲೆ ಕೂರಿಸಿ ಎಳೆದ ಋಣವೂ ಸೇರಿದೆ.

ಹಬ್ಬ ಮುಗಿದು ಯಂತ್ರದ ಕಾರ್ಖಾನೆ ತೆರೆದಿತ್ತು, ನಾವು ಹೊರಡಲೇಬೇಕಿತ್ತು. ರೈಲಿಗೆ ಮೊದಲು ಹಾಲೆಂಡಿನವರ ಅಭ್ಯಾಸ ನೋಡಿದೆವು. ಯೋಸೆಫ್ ಹಲಗೆಗೆ ಒರಗಿ ಕೂಗುತ್ತಿದ್ದ. ಬಿಲ್ಲೆಯನ್ನು ಆ ಮೂಲೆಗೆ ಹೊಡೆಯಬೇಕಾದಾಗಲೆಲ್ಲ ಅವನ ಬಾಯಲ್ಲಿ ಒಂದೇ ಕೂಗು: "ಮಂಗಳೂರಿಗೆ! ಮಂಗಳೂರಿಗೆ!" ಹಾಲೆಂಡಿನವರು ಅರ್ಥ ಕೇಳದೆ ಹೊಡೆಯುತ್ತಿದ್ದರು.

ಮಾರ್ತಾ ದಾರಿಗೆಂದು ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಳು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಬೆಲ್ಜಿಯಂನ ಬಾವುಟ ಬೀಸಿದಳು. ರೊಟ್ಟಿಯವನು ಎದೆಗೆ ಕೈಯಿಟ್ಟ.

ರೈಲು ತಿರುವಿನಲ್ಲಿ ಬಾಗಿದಾಗ ಕೆಳಗೆ ಅಂಗಳ ಕಂಡಿತು. ಸುತ್ತ ಜನ ಸೇರತೊಡಗಿದ್ದರು. ಸಾಹೇಬರು ಅದನ್ನೇ ನೋಡುತ್ತಿದ್ದವರು ತಟ್ಟನೆ ಕಿಟಕಿಯ ಗಾಜು ಇಳಿಸಿದರು. ಡಬ್ಬಿಯಲ್ಲಿದ್ದವರು ಗೊಣಗಿದರು.

"ಎಂತ ಸಾಹೇಬ್ರೇ?"

"ಕೈ ಹೊರಗೆ ಹಾಕಿ ಮಾಷ್ಟ್ರೆ. ಗಾಳಿ ಹೇಗುಂಟು ನೋಡುವ."

ಹಾಕಿದೆ. ಅವರೂ ಹಾಕಿದರು. ಬೆರಳುಗಳು ಮೊದಲು ಉರಿದವು, ಆಮೇಲೆ ಇವೆಯೋ ಇಲ್ಲವೋ ತಿಳಿಯದಾಯಿತು.

"ಚಳಿ," ಎಂದೆ.

"ಒಳ್ಳೆ ಚಳಿ," ಎಂದರು ಸಾಹೇಬರು. ಅಂಗಳ ಕಣ್ಮರೆಯಾದ ಮೇಲೂ ಕೈ ಒಳಗೆ ತೆಗೆಯಲಿಲ್ಲ.